ಮಾವ ತಟ್ಟದ ಕಾರು

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ, ಮಾವನಿಗೆ ಮಾತ್ರ ನಾಲ್ಕು ಗಾಲಿ! ಇಂಥ ಗಾದೆ ಎಲ್ಲಿದೆ ಎಂದು ಮೂಗು ಮುರಿಯಬೇಡಿ; ಇದು ನಡೆದ ಕಥೆ, ಒಂದಕ್ಷರವೂ ಸುಳ್ಳಲ್ಲ.

"ರೀ, ಈ ಮನೇಲಿ ಒಂದೋ ಆ ಕಾರು, ಇಲ್ಲ ನಾನು!" ಸೊಸೆ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು. ಅಡುಗೆಮನೆಯಲ್ಲಿ ಹೊಲಿಗೆ ಯಂತ್ರ, ಮಂಚದ ತುಂಬ ಗಿರಾಕಿಗಳ ಬಟ್ಟೆ, ಊಟದ ತಟ್ಟೆಯಲ್ಲಿ ದಾರ! ಶೆಡ್ಡು ಖಾಲಿಯಾದರೆ ಅದೇ ಅವಳ ಅಂಗಡಿ. ಅಲ್ಲಿ ಮಾವನ ಕಾರು ಠಿಕಾಣಿ ಹೂಡಿತ್ತು.

"ಅಪ್ಪಂಗೆ ಹೇಗೆ ಹೇಳ್ಲಿ ಕಣೇ..." ಗಂಡ ಎಂದಿನಂತೆ ತಲೆ ಕೆರೆದುಕೊಂಡ.

ಒಂದು ಕಾಲದಲ್ಲಿ ಊರಿನ ಕಾರು ಕಾರ್ಖಾನೆಗೆ ಮಾವನೇ ಕಿವಿ. ಪ್ರತಿ ಹೊಸ ಕಾರಿನ ಮುಂದೆ ಕಣ್ಣು ಮುಚ್ಚಿ ನಿಂತು ಎಂಜಿನ್ ಸದ್ದು ಕೇಳುವುದು, ಮೆಚ್ಚಿದರೆ ಬಾನೆಟ್ಟನ್ನು ಎರಡು ಸಲ ತಟ್ಟುವುದು. ತಟ್ಟಿದ ಗಾಡಿ ಗೇಟು ದಾಟಲೇಬೇಕು; ಮಾಲೀಕನೂ ತಡೆಯುವಂತಿಲ್ಲ. ಬರಬರುತ್ತಾ ಕಳಪೆ ಬಿಡಿಭಾಗಗಳು ಬಂದವು. ಮಾವನ ಕೈ ಮೇಲೇಳದಾಯಿತು. ತಟ್ಟದ ಕಾರುಗಳೇ ಹಿಂಬಾಗಿಲಿನಿಂದ ಹೋದವು, ಹೋದಷ್ಟೇ ಬೇಗ ಕೆಟ್ಟು ಬಂದವು... ಕೊನೆಗೆ ಬೀಗ ಬಿತ್ತು. ಒಳಗುಳಿದ ಒಂದನ್ನು ಮಾವ ಮನೆಗೆ ಎಳೆಸಿಕೊಂಡು ಬಂದರು. "ತಟ್ಟದೆ ಇದನ್ನ ಎಲ್ಲಿಗೂ ಕಳಿಸಲ್ಲಮ್ಮಾ!"

ಅಂದಿನಿಂದ ದಿನಾ ಬಿಚ್ಚುವುದು, ಜೋಡಿಸುವುದು. ಮಗ ಕೀಲಿ ತಿರುಗಿಸುವುದು, ಅದು ಕೆಮ್ಮುವುದು! ಕೇಳಿ ಕೇಳಿ ಸೊಸೆಯ ತಲೆ ಚಿಟ್ಟು ಹಿಡಿದಿತ್ತು. ಅವಳದೋ ಓಣಿಯವರೆಲ್ಲರ ದನಿ ಅಣಕಿಸುವ ಗಂಟಲು.

ಮರುದಿನ ಬೆಳಿಗ್ಗೆ ಅವಳು ಯಾರಿಗೂ ಕಾಣದಂತೆ ಕಾರಿನ ಹಿಂದಿನ ಸೀಟಿನ ಕೆಳಗೆ ಮುದುಡಿ ಕೂತಳು. ಗಂಡ ಕೀಲಿ ತಿರುಗಿಸಿದ.

"ಗುರ್ರ್... ಡುರ್ರ್ರ್ರ್ರ್..."

ಬೆಣ್ಣೆಯಲ್ಲಿ ಕೂದಲೆಳೆದಂಥ ಸದ್ದು! ಮಾವನ ಮುಚ್ಚಿದ ರೆಪ್ಪೆಗಳಡಿಯಿಂದ ನೀರು ಇಳಿಯಿತು. ಕೈ ಮೇಲೆದ್ದಿತು. ಟಪ್... ಟಪ್.

ಆ ತಟ್ಟು ಕೇಳಿದ್ದೇ ಹಿಂದಿನ ಸೀಟಿನ ಕೆಳಗಿನ ಎಂಜಿನ್ ಬಿಕ್ಕಳಿಸಿ ಅತ್ತಿತು!

ಮಾವ ಹಿಂದಿನ ಬಾಗಿಲು ತೆರೆದರು.

"ತಪ್ಪಾಯ್ತು ಮಾವ... ತಮಾಷೆಗೆ ಅಂತ..."

"ಅಯ್ಯೋ, ಏನೇ ಮಾಡ್ದೆ ನೀನು!" ಗಂಡ ಹಣೆ ಚಚ್ಚಿಕೊಂಡ.

ಮಾವ ಅವಳನ್ನೇ ನೋಡಿದರು. "ಇಷ್ಟು ಒಳ್ಳೆ ಎಂಜಿನ್ ನಮ್ಮ ಕಾರ್ಖಾನೇಲಿ ಒಂದೂ ಆಗ್ಲಿಲ್ವಲ್ಲಮ್ಮಾ!"

"ಅದು ಎಂಜಿನ್ ಅಲ್ಲ ಮಾವ..."

"ತಟ್ಟಿದ್ದು ತಟ್ಟಿದ್ದೇ. ತಟ್ಟಿದ ಗಾಡಿ ಗೇಟು ದಾಟಬೇಕು. ಏನೋ ನೋಡ್ತೀಯ, ನೂಕೋ!"

ಮಗ ನೂಕಿದ, ಮಾವ ಸ್ಟೀರಿಂಗ್ ಹಿಡಿದರು. "ನೀನು ನಿಲ್ಲಿಸ್ಬೇಡಮ್ಮ, ಗುಜರಿಯವನ ಬಾಗಿಲ ತನಕ ಮರ್ಯಾದೆಯಾಗಿ ಹೋಗ್ಲಿ!"

ಸೊಸೆ ಕಣ್ಣೊರೆಸಿಕೊಂಡು ಡುರ್ರ್ ಎಂದಳು. ಓಣಿಯವರೆಲ್ಲ ಹೊರಗೆ ಬಂದು ನಕ್ಕರು. ಅವರೆಲ್ಲರ ನಗುವನ್ನೂ ಮೀರಿ ಕೇಳಿಸಿದ್ದು ಮಾವನ ನಗು.