ಕೊಡವಿದಷ್ಟೂ ಉದುರಿದ ಧೂಳು

ತಮ್ಮ ತೀರಿಕೊಂಡನೆಂದು ಆಸ್ಪತ್ರೆಯಿಂದ ಫೋನ್ ಬಂದದ್ದು ಬೆಳಿಗ್ಗೆ ಎಂಟಕ್ಕೆ. ಅವನು ನೌಕಾಪಡೆಯ ಹಡಗುಗಳ ಬಾಯ್ಲರ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಬಿಸಿ ಕೊಳವೆಗಳಿಗೆ ಸುತ್ತಿದ್ದ ಕಲ್ನಾರಿನ, ಎಂದರೆ ಆಸ್ಬೆಸ್ಟಾಸ್‌ನ, ಧೂಳು ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು.

ಸಮವಸ್ತ್ರದಲ್ಲೇ ಕಳಿಸಿಕೊಡೋಣವೆಂದು ಅವನ ಹೆಂಡತಿ, ವರ್ಷಗಳ ಹಿಂದೆಯೇ ಒಗೆದು ಮಡಿಚಿಟ್ಟಿದ್ದ ನೀಲಿ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದಳು. ಹೆಗಲ ಮೇಲೆ ಬಿಳಿ ಧೂಳಿತ್ತು. ನಾನು ಕೊಡವಿದೆ, ಮತ್ತೆ ಕೂತಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಮತ್ತೆ ಬಂತು. ಫ್ಯಾನ್ ತಿರುಗುತ್ತಿದ್ದರೂ ಕೋಣೆ ಕಾದು, ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಅಂಗಿಯ ಒಳಭಾಗ ಆಗಷ್ಟೇ ಮೈಯಿಂದ ಕಳಚಿದಂತೆ ಬೆಚ್ಚಗಿತ್ತು.

“ಬಿಡಿ ಭಾವ, ನನಗಿದು ರೂಢಿ. ರಜೆಗೆ ಬಂದಾಗೆಲ್ಲ ನಾನೇ ಕೊಡವಿ ಒಗೀತಿದ್ದೆ. ಹಿಟ್ಟಿನ ಗಿರಣಿ ಸಾಹುಕಾರರು ಬಂದ್ರು ಅಂತ ರೇಗಿಸ್ತಿದ್ದೆ,” ಎನ್ನುತ್ತ ಅವಳು ಅಂಗಿಯನ್ನು ಮುಖದ ಹತ್ತಿರವೇ ಹಿಡಿದು ಕೊಡವಿದಳು.

ಗೌರವ ಸಲ್ಲಿಸಲು ಬಂದಿದ್ದ ಅವನ ಹಡಗಿನ ಜೊತೆಗಾರ ಬಾಗಿಲಲ್ಲೇ ಮೂಗು ಮುಚ್ಚಿಕೊಂಡ. “ಅಯ್ಯೋ, ಕೊಡವಬೇಡಮ್ಮ! ನಾವೂ ಹೀಗೇ ನಗ್ತಾ ನಗ್ತಾ ಕೊಡವಿದ್ದು. ಹಾಗೆ ನಕ್ಕವರಲ್ಲಿ ಈಗ ಉಳಿದಿರೋದು ನಾನೊಬ್ಬನೇ.”

ಧೂಳಿನ ಸಮೇತವೇ ಅಂಗಿ ತೊಡಿಸಿ ತಮ್ಮನನ್ನು ಬೀಳ್ಕೊಟ್ಟೆವು.

ತಿಂಗಳ ಮೇಲೆ ಅವಳಿಗೆ ಕೆಮ್ಮು ಹಿಡಿಯಿತು. ಎಕ್ಸ್‌ರೇ ನೋಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. “ಇವರು ಎಷ್ಟು ವರ್ಷ ಕಲ್ನಾರಿನ ಧೂಳಲ್ಲಿ ಕೆಲಸ ಮಾಡಿದ್ದಾರೆ?”

ಅವಳು ಒಂದು ದಿನವೂ ಹಡಗು ಹತ್ತಿದವಳಲ್ಲ.

ದೇವರೇ, ನನ್ನ ತಮ್ಮನಿಗೆ ಶಾಂತಿ ಕೊಡು. ಅವನು ಅಲ್ಲಿ ನೆಮ್ಮದಿಯಾಗಿರಲಿ. ಜೊತೆಗೆ ಬಾ ಎಂದು ಯಾರನ್ನೂ ಕರೆಯದಿರಲಿ.