ಐದುಸಿರಿನೊಳಗ ಒಂದು ದನಿ

ವ್ಯಾನಿನಿಂದ ಐದು ಹುಡುಗಿಯರು ಇಳಿದರು. ರಬಕವಿಯ ಆ ಓಣಿ ನೋಡನೋಡುತ್ತಲೇ ತುಂಬಿಹೋಯಿತು. ಮಾಳಿಗೆಗಳ ಮೇಲೆ ಮೊಬೈಲುಗಳು ಎದ್ದು ನಿಂತವು.

ಕೊನೆಗೆ ಇಳಿದವಳು ವೈಶಾಲಿ. ಇಳಿದು ತಲೆ ಎತ್ತಿದ್ದೇ ತಪ್ಪಾಯಿತು. ಮಗ್ಗದ ಶೆಡ್ಡಿನ ಬಾಗಿಲಲ್ಲಿ ವೀರೇಶ ನಿಂತಿದ್ದ.

ಎಂಟು ತಿಂಗಳಾಗಿತ್ತು ಅವನನ್ನು ನೋಡಿ. ಗಡ್ಡ ಬಿಟ್ಟಿದ್ದ. ತೋಳು ಮಡಚಿದ ಬಿಳಿ ಅಂಗಿ. ಅವನ ಕಣ್ಣು ಉಳಿದ ನಾಲ್ವರನ್ನು ದಾಟಿ ಅವಳ ಮೇಲೆ ಬಂದಿತು, ಕಾದ ಹಂಚು ಮುಟ್ಟಿದ ಬೆರಳಿನ ಹಾಗೆ ಚಟ್ಟನೆ ಹಿಂದೆ ಸರಿಯಿತು.

"ಬರ್ರಿ ಮೇಡಂ," ಅಂದ. "ಸೀರಿ ತಯಾರ್ ಅದಾವು. ಒಳಗ ಬರ್ರಿ."

ಮೇಡಂ! ಜಮಖಂಡಿಯ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಅವಳು ಹಾಡಿ ಇಳಿದಾಗ, "ಲೇ, ಗಲಗಲಿ ಕೋಗಿಲಾ, ಇನ್ನೊಂದು ಹಾಡಬೇ" ಎಂದು ಮೊದಲ ಸಾಲಿನಿಂದ ಕೂಗಿದವನು ಇವನೇ. ಆಮೇಲೆ ಎರಡು ವರ್ಷ ಅವರಿಬ್ಬರ ನಡುವೆ 'ನೀವು', 'ರೀ' ಎಂಬ ಮರ್ಯಾದೆಯ ಮಾತೇ ಬಂದಿರಲಿಲ್ಲ.

ಟಿವಿಯ 'ದನಿಗೂಡು' ಶೋಗೆ ಅವಳ ವಿಡಿಯೋ ಕಳಿಸಿದವನೂ ಇವನೇ. ನಾಲ್ಕು ತಿಂಗಳು ಒಂದೇ ಮನೆಯಲ್ಲಿ, ಫೋನಿಲ್ಲದೆ, ನಲವತ್ತು ಹುಡುಗಿಯರು ಹಾಡಿದ್ದರು. ಗೆದ್ದ ಐವರನ್ನು ಸೇರಿಸಿ ಮ್ಯೂಸಿಕ್ ಕಂಪನಿಯವರು 'ಐದುಸಿರು' ಎಂಬ ಗುಂಪು ಕಟ್ಟಿದರು. ಇನ್ನು ಹದಿನೈದು ದಿನಕ್ಕೆ ಅವರ ಮೊದಲ ಆಲ್ಬಂ.

ಆದರೆ ಶೋ ನಡುವೆ ಚಾನೆಲ್‌ನವರಿಗೆ ಒಂದು ಪ್ರೇಮಕಥೆ ಬೇಕಾಗಿತ್ತು. ವೈಶಾಲಿಯ ಕಾಲು ಉಳುಕಿದ ದಿನ ಡ್ಯಾನ್ಸ್ ಮಾಸ್ಟರ್ ದುರಗೇಶ ಅವಳ ಪಾದ ಹಿಡಿದು ಬ್ಯಾಂಡೇಜ್ ಸುತ್ತಿದ್ದ. ಆ ದೃಶ್ಯಕ್ಕೆ ಬೇರೆ ಯಾವುದೋ ದಿನದ ಅವಳ ನಗು ಅಂಟಿಸಿದರು, ಹಿಂದೆ ಪಿಟೀಲು ನುಡಿಸಿದರು. ಊರೂರಲ್ಲಿ ಅದೇ ಮಾತಾಯಿತು. ಹೊರಗೆ ಬಂದವಳೇ ವೀರೇಶನಿಗೆ ಫೋನ್ ಮಾಡಿದಳು. ಅವನು ನಂಬರ್ ಬ್ಲಾಕ್ ಮಾಡಿದ್ದ. ಆಲ್ಬಂ ಬರುವವರೆಗೆ ಆ ಜೋಡಿಯ ಬಗ್ಗೆ ಹೌದು ಅನ್ನಬಾರದು, ಅಲ್ಲ ಅನ್ನಬಾರದು ಎಂದು ಅವಳು ಸಹಿ ಮಾಡಿದ ಕಾಗದದಲ್ಲೇ ಬರೆದಿತ್ತು.

ಆಲ್ಬಂ ಪ್ರಚಾರದ ಇವತ್ತಿನ ಶೂಟಿಂಗ್ ಇವನ ಶೆಡ್ಡಿನಲ್ಲಿ ಎಂದು ವ್ಯಾನು ಈ ಓಣಿಗೆ ಹೊರಳುವವರೆಗೆ ಅವಳಿಗೆ ಗೊತ್ತಿರಲಿಲ್ಲ.

ಒಳಗೆ ಹನ್ನೆರಡು ಪವರ್‌ಲೂಮ್ ಒಮ್ಮೆಲೇ ಬಡಿಯುತ್ತಿದ್ದವು. ಕಿವಿಯ ಹತ್ತಿರ ಬಂದು ಹೇಳಿದರಷ್ಟೇ ಮಾತು ಕೇಳುವಂತಿತ್ತು.

"ಸೌಂಡ್ ಬೇಡ, ಮೇಲೆ ಹಾಡು ಹಾಕ್ತೀವಿ," ಡೈರೆಕ್ಟರ್ ಕೈ ಸನ್ನೆ ಮಾಡುತ್ತ ಕಿರುಚಿದ. "ಓನರ್ ಸೀರೆ ಮಡಿಕೆ ಬಿಡಿಸಿ ತೋರಿಸ್ಲಿ. ವೈಶಾಲಿ, ನೀನು ಮುಟ್ಟಿ ನೋಡು. ಸ್ಮೈಲ್!"

ಇಬ್ಬರ ನಡುವೆ ದಾಳಿಂಬೆ ಬಣ್ಣದ ಸೀರೆ ಹರಡಿಕೊಂಡಿತು. ಒಂದು ಅಂಚು ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

"ನಗ್ರಿ," ಅವನು ಹಲ್ಲು ತೋರಿಸುತ್ತಲೇ ಅಂದ. "ಕ್ಯಾಮೆರಾ ನೋಡಾಕತ್ತೈತಿ. ನಗೂದು ನಿಮಗ ಛಲೋ ಬರ್ತೈತಿ."

"ಹನ್ನೊಂದು ಸಲ ಫೋನ್ ಮಾಡೀನಿ." ಅವಳೂ ನಗುತ್ತಲೇ ಅಂದಳು.

"ಏನ್ರಿ? ಕೇಳವಲ್ದು."

"ಹನ್ನೊಂದು ಸಲ!"

ಅವನು ಸೀರೆಯ ದಡಿ ತೋರಿಸುವ ನೆಪದಲ್ಲಿ ಹತ್ತಿರ ಬಾಗಿದ. ಉಸಿರು ಅವಳ ಕಿವಿಯ ಝುಮಕಿಗೆ ತಾಕಿತು. "ದಿನಾ ಟಿವಿ ಮುಂದ ಕುಂತಿದ್ದೆ ನಾ. ದಿನಾ! ಅವ ನಿನ್ನ ಕಾಲ ಹಿಡದಿದ್ದ. ನೀ ನಕ್ಕಿ."

'ನೀ' ಅಂದುಬಿಟ್ಟಿದ್ದ. ಅವಳ ಕಣ್ಣು ತುಂಬಿ ಬಂತು. ಆದರೂ ತುಟಿಯ ಮೇಲಿನ ನಗು ಇಳಿಸಲಿಲ್ಲ.

"ಕಾಲು ಉಳುಕಿತ್ತು. ಆ ನಗು ಬ್ಯಾರೆ ದಿನದ್ದು. ಅಂಟಿಸ್ಯಾರ."

"ಏನು?"

ಸಾಕಾಗಿ ಹೋಯಿತು ಅವಳಿಗೆ. ಎದೆ ತುಂಬ ಉಸಿರು ತೆಗೆದುಕೊಂಡು, ಮಗ್ಗಗಳನ್ನೂ ಮೀರಿಸುವ ಹಾಗೆ ಒದರಿದಳು. "ಅದೆಲ್ಲಾ ಸುಳ್ಳ! ನನಗ ನೀ ಬಿಟ್ಟು ಯಾರೂ ಇಲ್ಲ!"

ಅರ್ಧ ಮಾತಿಗೆ ಕರೆಂಟ್ ಹೋಯಿತು. ಹನ್ನೆರಡೂ ಮಗ್ಗ ಒಟ್ಟಿಗೆ ನಿಂತವು. ಆ ನಿಶ್ಶಬ್ದದೊಳಗೆ 'ನೀ ಬಿಟ್ಟು ಯಾರೂ ಇಲ್ಲ' ಎಂಬುದು ತಗಡಿನ ಮಾಡಿಗೆ ಬಡಿದು ಎಲ್ಲರ ತಲೆಯ ಮೇಲೂ ಬಿತ್ತು.

ಹಿರಿಯ ನೇಕಾರ ಮುರಗೆಪ್ಪನ ಕೈಯಲ್ಲಿ ಹರಿದ ಎಳೆ ಹಾಗೇ ಉಳಿಯಿತು. ಗುಂಪಿನ ಕಾವೇರಿ ಬಾಯಿ ಮುಚ್ಚಿಕೊಂಡಳು. ವೀರೇಶ ಕಿವಿಯವರೆಗೂ ಕೆಂಪಾದ. ಅವನ ಕೈಯಿಂದ ಸೀರೆಯ ಅಂಚು ಜಾರಿ ನೆಲ ಮುಟ್ಟಿತು. ಏನೋ ಹೇಳಲು ಬಾಯಿ ತೆರೆದ.

"ವೈಶಾಲಿ," ಡೈರೆಕ್ಟರನ ದನಿ ಮೆತ್ತಗಿತ್ತು. "ಹೊರಗೆ ಬಾ."

ವ್ಯಾನಿನ ಬಾಗಿಲು ಹಾಕಿಕೊಂಡು ಅವನು ಮಾತಾಡಿದ. "ನೋಡಮ್ಮ, ಜನ ಆಲ್ಬಂಗಿಂತ ನಿನ್ನ, ದುರಗೇಶ್ ಜೋಡಿಗೇ ಕಾಯ್ತಿದ್ದಾರೆ. ನಾಳೆ ನಿಮ್ಮೂರಲ್ಲಿ ಶೂಟ್ ಇದೆಯಲ್ಲ, ಒಂದು ಸೀನ್ ಸೇರಿಸೋಣ. ದುರಗೇಶ್ ಹಣ್ಣು ಹೂವು ತಗೊಂಡು ನಿಮ್ಮ ಮನೆಗೆ ಬರ್ತಾನೆ. ನಿಮ್ಮ ತಂದೆ ಮುಂದೆ ನೀನು ತಲೆ ತಗ್ಗಿಸಿ ನಕ್ಕರೆ ಸಾಕು. ಮಾತೇ ಬೇಡ."

"ಮಾಡದಿದ್ರ?"

"ಟೈಟಲ್ ಸಾಂಗಲ್ಲಿ ನಿನ್ನ ಸೋಲೋ ಇರಲ್ಲ. ಕಾವೇರಿ ಹಾಡ್ತಾಳೆ. ನೀನು ಕೋರಸ್."

ಎಂಟು ಸಾಲಿನ ಸೋಲೋ. ಅಪ್ಪ ಕುರಿ ಹಿಂದೆ ಹೋಗುವಾಗ ಎಳೆಯುವ ರಾಗವನ್ನೇ ಅವಳು ಅದರೊಳಗೆ ತಂದಿದ್ದಳು. ಆ ಎಂಟು ಸಾಲಿಗಾಗಿಯೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು.

ವ್ಯಾನು ಹೊರಟಾಗ ಕಿಟಕಿಯಿಂದ ನೋಡಿದಳು. ವೀರೇಶ ಬಾಗಿಲಲ್ಲೇ ಇದ್ದ. ನಂಬಿದನೋ ಇಲ್ಲವೋ, ಆ ಮುಖದಲ್ಲಿ ಓದಲಾಗಲಿಲ್ಲ.

ಮರುದಿನ ಗಲಗಲಿಯ ಮನೆ ಮುಂದೆ ಅರ್ಧ ಊರು ನೆರೆದಿತ್ತು. ಅಪ್ಪ ಸಾಬಣ್ಣ ತಲೆಗೆ ಹೊಸ ಪಟಕ ಸುತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅವ್ವ ಪದ್ಮವ್ವ ಶೇಂಗಾ ಹೋಳಿಗೆ ಮಾಡಿ, ಹೊಸ ಸೀರೆ ಉಟ್ಟು, ಕ್ಯಾಮೆರಾ ಕಡೆ ನೋಡಲಾರದೆ ಸೆರಗು ಕಚ್ಚಿಕೊಂಡು ನಿಂತಿದ್ದಳು.

ದುರಗೇಶ ಬುಟ್ಟಿ ಹಿಡಿದು ಬಂದ. ಅವಳ ಪಕ್ಕ ಬಂದಾಗ, "ಸಾರಿ ವೈಶಾಲಿ, ನನ್ ಕೆಲಸಾನೂ ಇವರ ಕೈಯಾಗೇ ಐತಿ" ಎಂದು ಪಿಸುಗುಟ್ಟಿದ.

ಅಪ್ಪ ಗಡಬಡಿಸಿ ಎದ್ದ. ಕೈಯನ್ನು ಧೋತರಕ್ಕೆ ಒರೆಸಿಕೊಂಡು ಬುಟ್ಟಿಯನ್ನೂ ಹುಡುಗನನ್ನೂ ನೋಡಿ, ಮಗಳ ಕಡೆ ತಿರುಗಿದ. "ಯವ್ವಾ, ಟಿವಿಯಾಗ ಅಂತಿದ್ದರಲ್ಲ... ಇವರ ಏನು?"

ಎಷ್ಟು ಆಸೆಯಿಂದ ಕೇಳಿದ! ಅವಳು ತಲೆ ತಗ್ಗಿಸಿ ನಕ್ಕರೆ ಸಾಕಾಗಿತ್ತು. ಅಪ್ಪ ನಂಬುತ್ತಿದ್ದ. ಇವತ್ತೇ ಬೀರೇಶ್ವರನ ಗುಡಿಗೆ ಹೋಗಿ ಹಣೆಗೆ ಭಂಡಾರದ ಅರಿಶಿನ ಹಚ್ಚಿಕೊಂಡು ಬರುತ್ತಿದ್ದ. ನಾಳೆಯಿಂದ ಬೀಗರ ದಾರಿ ಕಾಯುತ್ತ ಕೂರುತ್ತಿದ್ದ.

ವೈಶಾಲಿ ಮುಂದೆ ಬಂದಳು. ಬುಟ್ಟಿ ಇಸಿದುಕೊಂಡು ಅವ್ವನ ಕೈಗಿಟ್ಟಳು.

"ಅಪ್ಪಾ, ಇವರು ನಮಗ ಕುಣಿತ ಕಲಸೋ ಮಾಸ್ತರು. ಬ್ಯಾರೆ ಏನಿಲ್ಲ. ಊಟಾ ಮಾಡಿಸಿ ಕಳಸೂಣು."

"ಕಟ್!"

ಎರಡನೇ ಸಲವೂ ಅದನ್ನೇ ಹೇಳಿದಳು. ಮೂರನೇ ಸಲವೂ.

ಅಪ್ಪನ ಮುಖ ಸಣ್ಣಗಾಗಿತ್ತು. ಆದರೆ ಡೈರೆಕ್ಟರ್ ಮತ್ತೆ ಕೈ ಎತ್ತಿದಾಗ ಅವನೇ ಮುಂದೆ ಬಂದ. "ಏನ್ರಿ ಸಾಹೇಬ್ರ, ನನ್ನ ಮಗಳು ಒಂದ ಮಾತು ಎಷ್ಟು ಸಲ ಹೇಳಬೇಕ್ರಿ? ನೀವೂ ಕೈಕಾಲು ತೊಳಕೋರಿ, ಊಟಕ್ಕ ಬರ್ರಿ."

ಅಂದೇ ಸೋಲೋ ಹೋಯಿತು. ಮುಧೋಳದ ಹುಡುಗಿ ಕಾವೇರಿ ಸ್ಟುಡಿಯೋಗೆ ಹೋಗುವ ಮುಂಚೆ ಅವಳನ್ನು ತಬ್ಬಿಕೊಂಡು ಅತ್ತಳು. "ನಾ ಒಲ್ಲೆ ಅಂದೆ, ವೈಶೂ. ಕೇಳಲಿಲ್ಲ ಅವರು."

"ಹಾಡು. ಛಲೋ ಹಾಡು," ವೈಶಾಲಿ ಅಂದಳು. "ಕೆಡಿಸಿದಿ ಅಂದ್ರ ಮಾತ್ರ ನಾ ನಿನ್ನ ಬಿಡಂಗಿಲ್ಲ."

ಆಲ್ಬಂ ಜಮಖಂಡಿಯಲ್ಲಿ, ಸಂಜೆ ಬಿಸಿಲಿನಲ್ಲಿ ಬಿಡುಗಡೆಯಾಯಿತು. ವೈಶಾಲಿಯನ್ನು ವೇದಿಕೆಯ ಎಡಗಡೆ ತುದಿಗೆ ನಿಲ್ಲಿಸಿದ್ದರು. ಆ ಎಂಟು ಸಾಲು ಬಂದಾಗ ಅವಳು ತುಟಿ ಬಿಗಿದು, ಜನರ ಮುಖ ಒಂದೊಂದಾಗಿ ನೋಡುತ್ತ ಹೋದಳು. ವೀರೇಶ ಕಾಣಲಿಲ್ಲ. ಹದಿನೈದು ದಿನದಲ್ಲಿ ಒಂದು ಫೋನೂ ಇರಲಿಲ್ಲ. ನಂಬಲಿಲ್ಲ, ಮುಗಿಯಿತು ಅಂದುಕೊಂಡಳು.

ಮರುದಿನ ಬೆಳಗ್ಗೆ ಏಳಕ್ಕೆ ವೀರೇಶನ ಫೋನ್ ಬಂತು.

"ಹಿಪ್ಪರಗಿ ಬ್ಯಾರೇಜಿಗೆ ಬರ್ತೀಯೇನು?"

ಮಧ್ಯಾಹ್ನ ಹನ್ನೆರಡಕ್ಕೆ ಬೆಂಗಳೂರಿಗೆ ಹೊರಡುವುದಿತ್ತು. ಕೇಳಿದವರಿಗೆ ನಾ ಏನಾದರೂ ಹೇಳ್ತೇನಿ ಎಂದು ಕಾವೇರಿ ಅವಳನ್ನು ಆಟೋ ಹತ್ತಿಸಿದಳು.

ವೀರೇಶ ಬೈಕಿಗೆ ಒರಗಿ ನಿಂತಿದ್ದ. ಗಡ್ಡ ತೆಗೆದಿದ್ದ, ಕಣ್ಣು ಮಾತ್ರ ನಿದ್ದೆಗೆಟ್ಟಂತಿದ್ದವು. ಕೆಳಗೆ ಕೃಷ್ಣಾ ನದಿ ಗೇಟಿನವರೆಗೂ ತುಂಬಿ ನಿಂತಿತ್ತು.

"ನಿನ್ನೆ ಯಾಕ ಬರಲಿಲ್ಲ?" ಅವಳೇ ಮೊದಲು ಕೇಳಿದಳು.

"ಬಂದಿದ್ದೆ. ಕಂಬದ ಹಿಂದ ನಿಂತಿದ್ದೆ."

"ಯಾಕ?"

"ನಿನ್ನ ಕಣ್ಣಿಗೆ ಬೀಳೂ ಧೈರ್ಯ ಇರಲಿಲ್ಲ." ಅವನು ನೀರು ನೋಡುತ್ತ ಅಂದ. "ಹಾಡು ಮುಗದ ಮ್ಯಾಲೆ, ನಿನಗ ಹೇಳಬ್ಯಾಡ ಅಂದು, ಕಾವೇರಿನ ಕೇಳಿದೆ. ಎಲ್ಲಾ ಹೇಳಿದಳು. ನಿಮ್ಮ ಮನಿ ಮುಂದ ನೀ ಏನು ಅಂದಿ, ಏನು ಕಳಕೊಂಡಿ, ಎಲ್ಲಾ."

"ಅಕಿ ಹೇಳಿದ ಮ್ಯಾಲ ನಂಬಿದಿಯೇನು?"

"ಇಲ್ಲ. ನೀ ಶೆಡ್ಡಿನ್ಯಾಗ ಒದರಿದ್ದು ಕೇಳಿದ ಕೂಡ್ಲೇ ನಂಬಿದೆ."

"ಹಂಗಾರ ಹದಿನೈದು ದಿನ ಎಲ್ಲಿದ್ದಿ?" ಅವಳು ಅವನ ಕಡೆ ತಿರುಗಿದಳು. "ಸೋಲೋ ಹೋದಾಗ ನಾ ಅಳಲಿಲ್ಲ, ವೀರೂ. ನಾ ಹೊರಗ ಬಂದ ಮ್ಯಾಲೂ ನೀ ಒಂದು ಮಾತು ಕೇಳಲಿಲ್ಲ ನೋಡು, ಅದಕ್ಕ ಅತ್ತೇನಿ. ಬೈದಿದ್ರೂ ನಡೀತಿತ್ತು. ಕೇಳಬೇಕಿತ್ತು."

"ಕೇಳಬೇಕಿತ್ತು." ಅವನು ವಾದ ಮಾಡಲಿಲ್ಲ. "ತಪ್ಪು ನಂದ. ಹೊಟ್ಟಿಕಿಚ್ಚಿಗೆ ಬಿದ್ದೆ. ಆಮ್ಯಾಲ ನಾಚಿಕಿಗೆ ಬಿದ್ದೆ. ಯಾವ ಮಾರಿ ಹೊತ್ತುಕೊಂಡು ನಿನ್ನ ಮುಂದ ಬರ್ಲಿ ಅಂತಿದ್ದೆ."

ಅವಳು ಕಣ್ಣೊರೆಸಿಕೊಂಡು ಮುಖ ತಿರುಗಿಸಿದಳು. ಆಮೇಲೆ ಅವನು ತಾನಾಗೇ ಅಂದ, "ರಾತ್ರಿಯಿಂದ ಆ ಹಾಡು ನಲವತ್ತು ಸಲ ಹಾಕೀನಿ."

"ನನ್ನ ಸೋಲೋ ಇಲ್ಲ ಅದರಾಗ."

"ಗೊತ್ತೈತಿ. ಕೋರಸಿನ್ಯಾಗ ಹುಡುಕಿದೆ. ಐದು ಮಂದಿ ಕೂಡಿ 'ಹೊಳಿ ನನ್ನ ಒಳಗ' ಅಂತೀರಲ್ಲ, ಅಲ್ಲಿ ಒಬ್ಬಾಕಿ ಮಾತ್ರ ಆ 'ಳ'ಕಾರಾನ ನಾಲಿಗಿ ಮಡಚಿ ಗಟ್ಟಿ ಹಿಡೀತಾಳ. ಅಲ್ಲೇ ಸಿಕ್ಕಿ." ಅವನು ಈಗ ನೇರ ಅವಳನ್ನೇ ನೋಡಿದ. ಈ ಸಲ ಕಣ್ಣು ಸರಿಸಲಿಲ್ಲ. "ನೀ ಅಂದ್ರ ನನ್ನ ಜೀವ, ವೈಶೂ. ಎದುರಿಗಿದ್ದಾಗ ಹೇಳಲಿಲ್ಲ. ಈಗ ಹೇಳಾಕತ್ತೇನಿ."

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆಯಲಿಲ್ಲ.

"ನಿಮ್ಮ ಅವ್ವ?" ಕೇಳಿದಳು. ಅವರು ಮಗ್ಗದ ಶೆಡ್ಡಿನ ಲಿಂಗಾಯತರು, ಇವರು ಕುರಿ ಕಾಯುವವರು. ಎರಡು ವರ್ಷ ಇಬ್ಬರೂ ಎತ್ತದೆ ಬಿಟ್ಟಿದ್ದ ಮಾತು ಅದು.

"ನೀ ಶೆಡ್ಡಿಗೆ ಬಂದು ಹೋದ ರಾತ್ರಿನ ಹೇಳೀನಿ. ಎರಡು ದಿನ ಊಟಾ ಬಿಟ್ಲು ನಮ್ಮವ್ವ ಕಸ್ತೂರೆವ್ವ. ಮೂರನೇ ದಿನ, 'ಹುಡುಗಿ ತಂದೀನ ನೋಡ್ತೇನಿ, ಆಮ್ಯಾಲ ಹೇಳ್ತೇನಿ' ಅಂದಾಳ. ಹೂಂ ಅಂದಿಲ್ಲ ಇನ್ನೂ. ಸೋಮವಾರ ಅಕಿನ ಕರಕೊಂಡು ಗಲಗಲಿಗೆ ಹೊಂಟೇನಿ."

"ನಾ ಇರಂಗಿಲ್ಲ. ಇವತ್ತ ಹೋಗಬೇಕು. ಇನ್ನೂ ಎರಡು ವರ್ಷ ಕಂಪನಿ ಹೇಳಿದಲ್ಲಿ ಹಾಡಬೇಕು."

"ನೀ ಹೋಗು. ನಿಮ್ಮ ಅಪ್ಪನ ಮುಂದ ನಾ ಕುಂಡ್ರತೇನಿ."

"ಅವ ಮೊದಲ ಕೇಳೋದು ಒಂದ. 'ನನ್ನ ಮಗಳನ್ನ ಹಾಡಾಕ ಬಿಡ್ತೀಯೇನಪಾ?' ಅಂತಾನ."

"ಏನಂತ ಹೇಳ್ಲಿ?"

ಆಟೋದವನು ಹಾರ್ನ್ ಹೊಡೆದ. ವೈಶಾಲಿ ವೀರೇಶನ ಕೈಯನ್ನು ಎರಡೂ ಕೈಯಿಂದ ಹಿಡಿದಳು, ಗಟ್ಟಿಯಾಗಿ.

"ಬಿಡ್ತೇನಿ ಅನಬ್ಯಾಡ. ನಾ ಯಾರ ಅಪ್ಪಣೆನೂ ಕೇಳಿಲ್ಲ," ಅಂದಳು. "ಅಕಿ ಹಾಡ್ತಾಳ್ರಿ, ನಾ ಕುಂತು ಕೇಳ್ತೇನ್ರಿ, ಅಂತ ಹೇಳು."

"ಅಷ್ಟ ಸಾಕೇನು?"

"ಅಪ್ಪಗ ಸಾಕು," ಅಂದಳು. "ನನಗೂ."