ತೊಳೆಯದ ಕರಿ ಕೋಟು

ಮೊದಲ ಸಲ ನೋಡಿದಾಗ ಅವರನ್ನು ಕೊಳಲು ಮಾರುವವರೆಂದುಕೊಂಡೆ.

ಅಂಬೊನ್ ದ್ವೀಪದ ಪೇಟೆಯ ಮೀನಿನ ಸಾಲಿನಲ್ಲಿ ನಾನು ಹೊಗೆ ಹಾಕಿದ ಮೀನು ಮಾರುತ್ತಿದ್ದೆ. ಕಂಕುಳಲ್ಲಿ ಇಪ್ಪತ್ತು ಬಿದಿರಿನ ಕೊಳಲುಗಳ ಕಟ್ಟು ಇಟ್ಟುಕೊಂಡ ಒಬ್ಬ ಬಡಕಲು ಗಂಡಸು ಎದುರಿಗೆ ನಿಂತು, ಮೀನು ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಕೊಳಲು ಒಂದಕ್ಕೆ ಎಷ್ಟು?" ಅಂದೆ.

"ಮಾರೋಕಲ್ಲ."

"ಮತ್ತೆ ಪೇಟೆಗೆ ಯಾಕೆ ತಂದ್ರಿ? ಮೆರವಣಿಗೆ ಮಾಡ್ಸೋಕಾ?"

ಅವರ ಕಿವಿಯ ತುದಿ ಕೆಂಪಾಯಿತು. "ನಾನು ಮೇಷ್ಟ್ರು. ಸ್ಕೂಲ್ ಮಕ್ಕಳಿಗೆ ಅಂತ ತಗೊಂಡೆ. ಭಾನುವಾರ ಚರ್ಚಲ್ಲಿ ಊದ್ತಾರೆ."

"ಯಾವೂರ ಮೇಷ್ಟ್ರು?"

"ಹತುಲೇಯ."

ಕೈಯಲ್ಲಿದ್ದ ಮೀನು ಕೈಯಲ್ಲೇ ಉಳಿಯಿತು.

ನನ್ನ ಅಪ್ಪನ ಊರು ಲೌಮೇತ. ಮುತ್ತಜ್ಜಂದಿರ ಕಾಲದಲ್ಲಿ ಆ ಎರಡೂ ಊರಿನವರು ಬೆರಳು ಕೊಯ್ದುಕೊಂಡು, ಒಂದೇ ತೆಂಗಿನ ಚಿಪ್ಪಿಗೆ ರಕ್ತ ಹನಿಸಿ, ಕುಡಿದು, ಒಡಹುಟ್ಟಿದವರಾಗಿ ಇರುತ್ತೇವೆಂದು ಆಣೆ ಹಾಕಿದ್ದರು. ಆ ಆಣೆಗೆ ನಮ್ಮಲ್ಲಿ ಪೇಲಾ ಎನ್ನುತ್ತಾರೆ. ಲೌಮೇತದ ಪ್ರತಿ ಹೆಣ್ಣೂ ಹತುಲೇಯದ ಪ್ರತಿ ಗಂಡಿಗೆ ತಂಗಿ. ಮದುವೆಯಾದರೆ ಮಕ್ಕಳು ಉಳಿಯುವುದಿಲ್ಲ ಎಂದು ಹಾಲು ಕುಡಿಯುವ ಕೂಸಿಗೂ ಹೇಳಿ ಬೆಳೆಸುತ್ತಾರೆ. ನನಗೆ ಮೂರು ವರ್ಷವಾದಾಗ ಅಪ್ಪ ತೀರಿಕೊಂಡರು, ಸೋದರಮಾವ ಪೇಟೆಗೆ ಕರೆತಂದು ತನ್ನ ಮನೆತನದ ಹೆಸರು ಕೊಟ್ಟ. ಮಾವನೂ ಹೋದಮೇಲೆ ಆ ಮೀನಿನ ಸಾಲಿನಲ್ಲಿ ನನ್ನ ಊರು ಯಾವುದೆಂದು ಗೊತ್ತಿದ್ದದ್ದು ನನಗೊಬ್ಬಳಿಗೇ.

ಅಣ್ಣಾ ಎಂದು ಕರೆದು ಅಲ್ಲಿಗೇ ಮುಗಿಸಬೇಕಿತ್ತು. "ಎರಡು ಮೀನು ತಗೊಳ್ಳಿ ಮೇಷ್ಟ್ರೇ, ನಿಮ್ಮ ಮೂಳೆ ಎಣಿಸ್ಬಹುದು" ಎಂದೆ.

ಅವರು ಮುಂದಿನ ತಿಂಗಳ ದೋಣಿಗೂ ಬಂದರು. ಅದರ ಮುಂದಿನ ತಿಂಗಳಿಗೂ. ಪ್ರತಿ ಸಲ ಎರಡೇ ಮೀನು. ಅದನ್ನು ಆರಿಸಲು ಅವರಿಗೆ ಒಂದು ಗಂಟೆ ಬೇಕು, ಮುಟ್ಟುವುದು ಮೀನು, ನೋಡುವುದು ನನ್ನನ್ನು. "ಮೀನಿಗೆ ಕಣ್ಣು ಇಲ್ಲಿದೆ ಮೇಷ್ಟ್ರೇ" ಎಂದು ಮೀನನ್ನು ಅವರ ಮೂಗಿನ ಹತ್ತಿರ ಹಿಡಿದರೆ ಪಕ್ಕದ ಅಂಗಡಿಯವರೆಲ್ಲ ನಗುತ್ತಿದ್ದರು. ಅವರೂ ನಗುತ್ತಿದ್ದರು. ಆ ನಗು ನನ್ನನ್ನು ಹಾಳುಮಾಡಿತು.

ಮದುವೆ ಗೊತ್ತಾದಾಗ ನನ್ನ ದೀಕ್ಷಾಸ್ನಾನದ ಪತ್ರ ಬೇಕೆಂದು ಹತುಲೇಯದ ಚರ್ಚಿನವರು ಕೇಳಿದರು. ಅದರಲ್ಲಿ ಅಪ್ಪನ ಹೆಸರು, ಅಪ್ಪನ ಊರು ಎರಡೂ ಇರುತ್ತವೆ. ಎಲಿಫಾಸ್ ಮೇಷ್ಟ್ರು ತಾವೇ ತರುವುದಾಗಿ ಹೇಳಿ, ನನಗೆ ದೀಕ್ಷಾಸ್ನಾನವಾಗಿದ್ದ ಪೇಟೆಯ ಚರ್ಚಿಗೆ ಹೊರಟ ಬೆಳಿಗ್ಗೆ ನಾನು ಅನ್ನ ಮುಟ್ಟಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಕುಳಿತಿದ್ದೆ. ಮಧ್ಯಾಹ್ನ ವಾಪಸು ಬಂದು, ಹಣೆಯ ಬೆವರು ಒರೆಸಿಕೊಳ್ಳುತ್ತ ಹೇಳಿದರು:

"ಹಳೇ ಪುಸ್ತಕ ಎಲ್ಲ ಗೆದ್ದಲು ತಿಂದಿದೆ ಲೆವಿನಾ. ನನ್ನ ಮಾತಿನ ಮೇಲೆ ನಮ್ಮ ಪಾದ್ರಿಗಳು ಹೊಸ ಪತ್ರ ಬರ್ಕೊಡ್ತಾರೆ."

ಸುಳ್ಳು ಹೇಳದ ಮನುಷ್ಯ ಎಂದು ಊರಿಗೆ ಊರೇ ನಂಬಿದ್ದ ಮೇಷ್ಟ್ರ ಮಾತು ಅದು. ಆ ಸಂಜೆ ಜಗತ್ತಿನ ಗೆದ್ದಲಿಗೆಲ್ಲ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಿದೆ.

ಹತುಲೇಯದಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದೆವು. ಅವರು ಕಡಲ ದಂಡೆಯಿಂದ ಕಲ್ಲು ಹೊತ್ತು ಸ್ಕೂಲಿಗೆ ಗೋಡೆ ಎಬ್ಬಿಸಿದರು. ಲವಂಗದ ಕೊಯ್ಲಿಗೆ ಹೋದ ಮಕ್ಕಳನ್ನು ಮರದ ಬುಡಕ್ಕೇ ಹೋಗಿ ಕರೆತರುತ್ತಿದ್ದರು. ಮನೆಗೆ ಬಂದು ನನ್ನ ಜೊತೆ ಸಾಗು ಮರದ ಹಿಟ್ಟಿನ ಗಂಜಿ ತಿರುಗಿಸುತ್ತಿದ್ದರು, ಗಂಟು ಕಟ್ಟಿದರೆ ತಪ್ಪು ತಮ್ಮದೇ ಎನ್ನುತ್ತಿದ್ದರು.

ಭಾನುವಾರದ ಕರಿ ಕೋಟನ್ನು ಮಾತ್ರ ತೊಳೆಯಲು ಬಿಡುತ್ತಿರಲಿಲ್ಲ.

"ನೀರು ಬಿದ್ರೆ ಬಣ್ಣ ಹೋಗುತ್ತೆ. ಇಸ್ತ್ರಿ ಮಾಡು ಸಾಕು."

"ಈ ವಾಸನೆಗೆ ದೇವರೇ ಮೂಗು ಮುಚ್ಚಿಕೊಳ್ತಾನೆ."

"ಅವನಿಗೆ ಅಭ್ಯಾಸ ಇದೆ."

ಮೊದಲ ಮಗು ಯೋನಾಸ್ ಮೂರು ವರ್ಷ ಬದುಕಿದ. ನಾಲ್ಕು ದಿನದ ಜ್ವರದಲ್ಲಿ ಹೋಗಿಬಿಟ್ಟ. ಚರ್ಚಿನ ಹಿಂದೆ ಅವನನ್ನು ಮಣ್ಣು ಮಾಡಿ ಬಂದಾಗ ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ. ನಾನೇ ಕೊಂದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಆಮೇಲೆ ಎತಿ ಹುಟ್ಟಿದಳು. ಅವಳು ಕೆಮ್ಮಿದರೆ ಸಾಕು, ನನ್ನ ಜೀವ ಬಾಯಿಗೆ ಬರುತ್ತಿತ್ತು. ಒಂದೊಂದು ಹುಟ್ಟುಹಬ್ಬ ದಾಟಿ ಅವಳಿಗೆ ಈಗ ಐದು.

ಈ ವರ್ಷ ಲೌಮೇತದವರು ಆಣೆಯನ್ನು ಹೊಸದಾಗಿಸಲು ದೋಣಿ ಕಟ್ಟಿಕೊಂಡು ಬರುತ್ತಾರೆಂದು ಸುದ್ದಿ ಬಂತು. ಪೇಟೆಗೆ ಹೋಗಿಬರುತ್ತೇನೆ ಎಂದೆ. ಮೇಷ್ಟ್ರು ತಕ್ಷಣ "ಹೋಗ್ಬಾ, ಹೋಗ್ಬಾ" ಎಂದರು. ಊರ ಹೆಂಗಸರು ಬಿಡಲಿಲ್ಲ. ಮೇಷ್ಟ್ರ ಹೆಂಡತಿಯಿಲ್ಲದೆ ಅತಿಥಿಗಳಿಗೆ ಅಡಿಗೆ ಮಾಡುವವರು ಯಾರು?

ಬಡಿಸುತ್ತಿದ್ದಾಗ ಒಬ್ಬ ಮುದುಕಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆಮೇಲೆ ಗೊತ್ತಾಯಿತು, ಅವಳು ಯಾಕೋಮಿನಾ, ನನ್ನ ಸೋದರತ್ತೆ.

"ಇದು ನನ್ನ ತಮ್ಮ ದೊಮಿಂಗುಸ್‌ನ ಮೂಗು, ಅವನ ಗಲ್ಲ. ಯಾರ ಮಗಳೇ ನೀನು?"

ಸುಳ್ಳು ಹೇಳಬಹುದಿತ್ತು. ಹನ್ನೊಂದು ವರ್ಷ ಹೇಳಿ ಹೇಳಿ ಸಾಕಾಗಿತ್ತು. "ಅವರ ಮಗಳೇ ಅತ್ತೆ" ಎಂದೆ. ಮುದುಕಿ ಮೊದಲು ನನ್ನನ್ನು ತಬ್ಬಿಕೊಂಡಳು. ಆಮೇಲೆ ನಾನು ಯಾರ ಹೆಂಡತಿಯೆಂದು ನೆನಪಾಗಿ ಎದೆ ಬಡಿದುಕೊಂಡು ಅತ್ತಳು.

ಮರುದಿನ ಬೆಳಿಗ್ಗೆ ಊರಿನ ಸಭಾಮಂಟಪದಲ್ಲಿ ಎರಡೂ ಊರು ಸೇರಿದವು. ಮೇಷ್ಟ್ರು ಕರಿ ಕೋಟು ಹಾಕಿಕೊಂಡು ಬಂದು ಗಂಡಸರ ಸಾಲಿನಲ್ಲಿ ಕುಳಿತರು. ರಾಜ ಎಂದು ನಾವು ಕರೆಯುವ ಊರ ಯಜಮಾನ ಮೇಷ್ಟ್ರನ್ನು ಮಗನಂತೆ ಕಾಣುತ್ತಿದ್ದವನು. ಅವನು ಎದ್ದು ನಿಂತ.

"ತಿಳೀದೆ ಆಗಿದ್ರೆ ಕ್ಷಮೆ ಇದೆ. ತೆಂಗಿನ ಗರಿ ಸುತ್ಕೊಂಡು ಎರಡೂ ಊರು ಸುತ್ತಬೇಕು, ಇವತ್ತಿಂದ ಅಣ್ಣ ತಂಗಿಯಾಗಿ ಬೇರೆ ಬೇರೆ ಬಾಳಬೇಕು. ಮೇಷ್ಟ್ರು ಸ್ಕೂಲಲ್ಲೇ ಇರ್ತಾರೆ. ತಿಳಿದೂ ಮಾಡಿದವರು ಈ ಎರಡೂ ಊರಿಗೆ ಮತ್ತೆ ಕಾಲಿಡಬಾರದು. ಹೇಳಿ, ಯಾರಿಗೆ ಗೊತ್ತಿತ್ತು?"

ಬಾಯಿ ಮುಚ್ಚಿಕೊಂಡರೆ ಇದೇ ಊರಿನಲ್ಲಿ ಅವರನ್ನು ದಿನಾ ಅಣ್ಣಾ ಎನ್ನಬೇಕು. ಅದು ನನ್ನಿಂದಾಗದು. ನಾನು ಹೋದರೆ ಅವರಿಗೆ ಸ್ಕೂಲು ಉಳಿಯುತ್ತದೆ, ಎತಿ ಉಳಿಯುತ್ತಾಳೆ, ಯೋನಾಸ್‌ನ ಸಮಾಧಿಗೆ ಹೂವಿಡಲು ಒಬ್ಬರು ಉಳಿಯುತ್ತಾರೆ. ಎದ್ದು ನಿಂತೆ.

"ನನಗೆ ಗೊತ್ತಿತ್ತು. ಮೊದಲ ದಿನದಿಂದ. ಅವರಿಗೇನೂ ಗೊತ್ತಿಲ್ಲ. ನಾನು ಮೋಸ ಮಾಡಿದೆ."

ಅವರ ಕಡೆ ನೋಡಲಿಲ್ಲ. ಗಂಡಸರ ಸಾಲಿನಲ್ಲಿ ಬೆಂಚು ಕಿರ್ರೆಂದಿತು.

"ಇವಳಿಗೆ ಗೊತ್ತಿತ್ತು ಅಂತ ನನಗೆ ಈಗ್ಲೇ ತಿಳಿದದ್ದು" ಎಂದರು ಮೇಷ್ಟ್ರು. ಮಕ್ಕಳಿಗೆ ಪಾಠ ಹೇಳುವಷ್ಟೇ ನಿಧಾನದ ಧ್ವನಿ. "ನನಗೂ ಗೊತ್ತಿತ್ತು."

"ಮೇಷ್ಟ್ರೇ, ಕೂತ್ಕೊಳ್ಳಿ" ಎಂದ ರಾಜ. "ಹೆಂಡ್ತಿ ಮೇಲಿನ ಮೋಹಕ್ಕೆ ಸುಳ್ಳು ಹೇಳ್ಬೇಡಿ."

ಅವರು ಕೋಟು ಬಿಚ್ಚಿದರು. ಎಡ ಎದೆಯ ಒಳಬಟ್ಟೆಯ ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಮಡಿಸಿಟ್ಟ ಒಂದು ಕಾಗದ ತೆಗೆದರು. ಅಂಚು ಹಳದಿಯಾಗಿತ್ತು. ಚರ್ಚಿನ ಮೊಹರು ಹಾಗೇ ಇತ್ತು. ರಾಜ ಓದಿದ: ಲೆವಿನಾ, ತಂದೆ ದೊಮಿಂಗುಸ್, ಊರು ಲೌಮೇತ.

"ಗೆದ್ದಲು ತಿಂದಿರ್ಲಿಲ್ಲ" ಎಂದು ನನಗೆ ಹೇಳಿದರು, ಅಲ್ಲಿ ಬೇರೆ ಯಾರೂ ಇಲ್ಲವೇನೋ ಎನ್ನುವಂತೆ. "ದೇವರ ಮನೆಯ ಕಾಗದ, ಹರಿಯೋಕೆ ಕೈ ಬರ್ಲಿಲ್ಲ."

ಹನ್ನೊಂದು ವರ್ಷದ ಭಾನುವಾರಗಳಲ್ಲಿ ಆ ಮನುಷ್ಯ ಅದನ್ನು ಎದೆಯ ಮೇಲಿಟ್ಟುಕೊಂಡು ಪ್ರಾರ್ಥನೆ ಹೇಳಿಸಿದ್ದರು. ನಾನು ಅದರ ಮೇಲೆಯೇ ಇಸ್ತ್ರಿ ಎಳೆದಿದ್ದೆ. ಸಭೆಯಲ್ಲಿ ಯಾರು ಬೈದರು, ಯಾರು ಅತ್ತರು, ನನಗೆ ನೆನಪಿಲ್ಲ.

ಮಧ್ಯಾಹ್ನದ ಕಡಲ ಭರತಕ್ಕೆ ಮುಂಚೆ ನಾವು ಹೊರಡಬೇಕೆಂದರು. ಸಮಾಧಿಗೆ ಹೋಗಲು ಬಿಡಿ ಎಂದು ಕೇಳಿದೆವು, ಬಿಡಲಿಲ್ಲ. ದಂಡೆಗೆ ಬಂದವಳು ಯಾಕೋಮಿನಾ ಅತ್ತೆ ಒಬ್ಬಳೇ. ಎತಿಯ ಕೈಗೆ ಒಂದು ಸಾಗು ರೊಟ್ಟಿ ಕೊಟ್ಟು, ನಮ್ಮನ್ನು ಹರಸದೆ ತಿರುಗಿ ನಡೆದಳು.

ಮೇಷ್ಟ್ರು ಹುಟ್ಟು ಹಾಕುತ್ತಿದ್ದರು. ಸ್ಕೂಲಿನ ತಗಡಿನ ಮಾಡು ಮರೆಯಾಗುವವರೆಗೂ ಅವರು ಅತ್ತ ನೋಡುತ್ತಿದ್ದರು.

"ಅಪ್ಪಾ, ಸೋಮವಾರ ಸ್ಕೂಲ್ ಇದ್ಯಾ?" ಎಂದಳು ಎತಿ.

"ಇಲ್ಲ ಮಗಳೇ."

ಅವಳು ರೊಟ್ಟಿ ಹಿಡಿದುಕೊಂಡೇ ನಿದ್ದೆ ಹೋದಳು.

"ಯಾಕೆ ಹೇಳ್ಲಿಲ್ಲ ನೀವು?" ಎಂದೆ.

"ಹೇಳಿದ್ರೆ ನೀನು ಅಣ್ಣಾ ಅಂತಿದ್ದೆ."

ನನಗೆ ನಗು ಬಂತು, ನಗುವಿನ ಹಿಂದೆಯೇ ಅಳು. "ಯೋನಾಸ್ ಹೋದಾಗ, ನನ್ನಿಂದಲೇ ಅಂತ..."

ಅವರ ಕೈ ನಿಂತಿತು. ದೋಣಿ ತಾನಾಗಿಯೇ ತೇಲಿತು. "ನಾನೂ. ನಿನ್ನ ಮಗನನ್ನ ತಿಂದವನು ನಾನು ಅಂದ್ಕೊಂಡು ನಿನ್ನ ಪಕ್ಕ ಮಲಗ್ತಿದ್ದೆ ಲೆವಿನಾ."

ಅವನಿಗಾಗಿ ನಾವಿಬ್ಬರೂ ಜೊತೆಯಾಗಿ ಅತ್ತದ್ದು ಅದೇ ಮೊದಲು. ಎತಿ ಎದ್ದಾಳೆಂದು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆವು. ದಂಡೆ ದೂರವಾಗುತ್ತಲೇ ಇತ್ತು.

ಆಮೇಲೆ ಅವರು ಮತ್ತೆ ಹುಟ್ಟು ತೆಗೆದುಕೊಂಡರು. ಕೋಟು ನನ್ನ ಮಡಿಲಲ್ಲಿತ್ತು, ಎದೆಯ ಹೊಲಿಗೆ ಬಿಚ್ಚಿಕೊಂಡು.

"ಮೇಷ್ಟ್ರೇ, ಇದನ್ನ ಈಗ್ಲಾದ್ರೂ ತೊಳೀಲಾ?"

"ತೊಳಿ" ಎಂದರು.

ನಾನು ದೋಣಿಯ ಅಂಚಿಗೆ ಬಾಗಿ ಅದನ್ನು ಕಡಲಿನಲ್ಲಿ ಅದ್ದಿದೆ. ಬಣ್ಣವೇನೂ ಹೋಗಲಿಲ್ಲ.